ಮೂರನೆಯ ನೂರು ಮೀಟರ್

ನನ್ನ ಈಜಿನ ಲೆಕ್ಕವನ್ನು ಅಪ್ಪ ಕೆಂಪು ರಟ್ಟಿನ ಕಿರ್ದಿ ಪುಸ್ತಕವೊಂದರಲ್ಲಿ ಬರೆದಿಟ್ಟಿದ್ದಾರೆ. ದಾವಣಗೆರೆಯ ಎಪಿಎಂಸಿ ಯಾರ್ಡಿನ ದಲ್ಲಾಳಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ಅವರಿಗೆ ಮೆಕ್ಕೆಜೋಳದ ಚೀಲಗಳಾಗಲಿ ಮಗನ ಸೆಕೆಂಡುಗಳಾಗಲಿ ಎಲ್ಲವೂ ಜಮಾ ಮತ್ತು ಖರ್ಚು ಎಂಬ ಎರಡೇ ಕಲಮುಗಳಲ್ಲಿ ಕೂರಬೇಕಿತ್ತು. ಬಟರ್‌ಫ್ಲೈ, ಬ್ಯಾಕ್‌ಸ್ಟ್ರೋಕ್ ಮತ್ತು ಫ್ರೀಸ್ಟೈಲ್‌ಗಳಲ್ಲಿ ಎದುರಾಳಿಗೆ ನಾನು ಬಿಟ್ಟುಕೊಟ್ಟ ಸೆಕೆಂಡುಗಳು ಖರ್ಚಿನ ಕಡೆ ಬೀಳುತ್ತಿದ್ದವು. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಗಳಿಸಿದವು ಜಮಾ ಕಡೆ. 1999ರಿಂದ 2008ರವರೆಗಿನ ಆ ಪುಸ್ತಕದಲ್ಲಿ ಜಮಾ ಹೆಚ್ಚಾಗಿ ಉಳಿದ ಪುಟಗಳನ್ನು ಬೆರಳಲ್ಲಿ ಎಣಿಸಬಹುದು. ಆದರೂ ನಾನು ಮೆಡ್ಲೆ ಈಜುಗಾರನಾಗಿದ್ದೆ ಎಂದು ಹೇಳಿಕೊಳ್ಳುವುದಕ್ಕೆ ಇರುವ ಆಧಾರ ಅದೊಂದೇ.

ವೈಯಕ್ತಿಕ ಮೆಡ್ಲೆಯಲ್ಲಿ ಒಬ್ಬನೇ ಈಜುಗಾರ ನಾಲ್ಕೂ ಶೈಲಿಗಳನ್ನು ನಿಗದಿಯಾದ ಕ್ರಮದಲ್ಲಿ ಈಜಬೇಕು: ಮೊದಲು ಎರಡೂ ಕೈಗಳನ್ನು ಒಟ್ಟಿಗೆ ಬೀಸುವ ಬಟರ್‌ಫ್ಲೈ, ಆಮೇಲೆ ಬೆನ್ನ ಮೇಲೆ ಈಜುವ ಬ್ಯಾಕ್‌ಸ್ಟ್ರೋಕ್, ಮೂರನೆಯದಾಗಿ ಕಪ್ಪೆಯಂತೆ ಕಾಲು ಒದೆಯುವ ಬ್ರೆಸ್ಟ್‌ಸ್ಟ್ರೋಕ್, ಕೊನೆಗೆ ಒಂದಾದ ಮೇಲೊಂದು ಕೈ ಬೀಸುವ ಫ್ರೀಸ್ಟೈಲ್. ನಾಲ್ಕು ನೂರು ಮೀಟರಿನ ಸ್ಪರ್ಧೆಯಲ್ಲಿ ಒಂದೊಂದಕ್ಕೂ ನೂರು ಮೀಟರ್. ಬ್ರೆಸ್ಟ್‌ಸ್ಟ್ರೋಕ್ ನಾಲ್ಕರಲ್ಲಿ ಅತಿ ನಿಧಾನವಾದದ್ದು. ಕಾಲುಗಳನ್ನು ಒಳಗೆ ಎಳೆದುಕೊಳ್ಳುವ ಕ್ಷಣದಲ್ಲಿ ತೊಡೆ ನೀರಿಗೆ ಅಡ್ಡವಾಗಿ ದೇಹ ಹೆಚ್ಚುಕಡಿಮೆ ನಿಂತೇ ಬಿಡುತ್ತದೆ, ಮತ್ತೆ ಒದ್ದು ಹೊರಡಬೇಕು. ನಿಧಾನವಾದುದರಿಂದಲೇ ಬಲ್ಲವನಿಗೂ ಬಾರದವನಿಗೂ ಅಲ್ಲಿ ಬೀಳುವ ಅಂತರ ದೊಡ್ಡದು. ಫ್ರೀಸ್ಟೈಲ್‌ನಲ್ಲಿ ಒಂದೆರಡು ಸೆಕೆಂಡು ಹಿಂದೆ ಬೀಳುವವನು ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಐದಾರು ಸೆಕೆಂಡು ಹಿಂದೆ ಬೀಳುತ್ತಾನೆ. ನನ್ನ ಇಡೀ ಸ್ಪರ್ಧಾಜೀವನವು ಈ ಅಂತರವನ್ನು ನಂಬಿಕೊಂಡು, ಮೊದಲ ಇನ್ನೂರು ಮೀಟರನ್ನು ಹೇಗೋ ಸಾಗಿಸಿ, ಮೂರನೆಯ ನೂರಕ್ಕೆ ಕಾಯುವುದರಲ್ಲಿ ಕಳೆಯಿತು.

ಈಜು ಕಲಿತದ್ದು ಕೊಳದಲ್ಲಲ್ಲ. ಚನ್ನಗಿರಿ ಕಡೆಯ ಹಳ್ಳಿಯಲ್ಲಿ ಸೋದರಮಾವನ ತೋಟದ ಬಾವಿಗೆ ಬೇಸಿಗೆ ರಜೆಯಲ್ಲಿ ಹೋಗುತ್ತಿದ್ದೆವು. ಏಳು ವರ್ಷದವನಾಗಿದ್ದ ನನ್ನ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ, ಮಾವ ಮೆಟ್ಟಿಲ ಮೇಲಿಂದ ಸುಮ್ಮನೆ ತಳ್ಳಿದರು. ಬಾವಿಯಲ್ಲಿ ಕಲಿಯುವವರೆಲ್ಲರಂತೆ ನಾನೂ ತಲೆಯನ್ನು ನೀರಿನಿಂದ ಮೇಲಿಟ್ಟು ಕಪ್ಪೆಯ ಹಾಗೆ ಕಾಲು ಬಡಿದೆ. ಬಾವಿಯಲ್ಲಿ ದೂರ ಹೋಗುವಂತಿಲ್ಲ. ಒಂದು ಗೋಡೆಯಿಂದ ಇನ್ನೊಂದಕ್ಕೆ ನಾಲ್ಕು ಒದೆತ, ತಿರುಗಿ ಮತ್ತೆ ನಾಲ್ಕು. ಪಾದವನ್ನು ಹೊರಕ್ಕೆ ತಿರುಗಿಸಿ ಅಂಗಾಲಿನ ಒಳಬದಿಯಿಂದ ನೀರನ್ನು ಹಿಂದಕ್ಕೆ ತಳ್ಳುವುದು, ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ತರಬೇತುದಾರರು ವರ್ಷಗಟ್ಟಲೆ ತಿದ್ದುವ ಆ ಒಂದು ಸಂಗತಿ, ನನಗೆ ಆ ಬಾವಿಯಲ್ಲೇ ಬಂದಿತ್ತೆಂಬುದು ಆಮೇಲೆ ತಿಳಿಯಿತು. ಉಳಿದದ್ದೇನೂ ಬಂದಿರಲಿಲ್ಲ.

ಹತ್ತನೆಯ ವಯಸ್ಸಿಗೆ ಊರಿನ ಕೊಳವೊಂದಕ್ಕೆ ಸೇರಿದೆ. ಅಲ್ಲಿ ಕಲಿಸುತ್ತಿದ್ದವರು ಒಬ್ಬ ಪಿಟಿ ಮೇಷ್ಟ್ರು. ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಮುಗಿಸಿ ಬಂದಿದ್ದ ಅವರು ಬೆಳಿಗ್ಗೆ ಐದರಿಂದ ಆರೂವರೆಯವರೆಗೆ, ಸಾರ್ವಜನಿಕರ ಬ್ಯಾಚ್ ಬರುವ ಮೊದಲು, ನಾವು ಏಳೆಂಟು ಮಕ್ಕಳನ್ನು ಈಜಿಸುತ್ತಿದ್ದರು. ದಾವಣಗೆರೆ ಕುಸ್ತಿಯ ಊರು. ಗರಡಿಯ ಹುಡುಗರು ಮಣ್ಣು ಮೈಗೆ ಮೆತ್ತಿಕೊಂಡು ಬಸ್ಕಿ ಹೊಡೆಯುವ ಹೊತ್ತಿನಲ್ಲಿ ನಾವು ಬ್ಲೀಚಿಂಗ್ ಪೌಡರಿನ ವಾಸನೆಯ ತಣ್ಣೀರಿನಲ್ಲಿ ಇರುತ್ತಿದ್ದೆವು. ಡಿಸೆಂಬರಿನಲ್ಲಿ ಆ ನೀರಿಗೆ ಇಳಿಯುವುದೇ ಒಂದು ಸಾಹಸವಾಗಿತ್ತು. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ತೊಂದರೆ ಬೇರೆ ಬಗೆಯದು: ಬೇಸಿಗೆ ಶಿಬಿರಕ್ಕೆ ಊರಿನ ಮಕ್ಕಳೆಲ್ಲ ಬಂದು ತುಂಬಿ, ರಾಜ್ಯಮಟ್ಟದ ಸ್ಪರ್ಧೆಗಳಿಗೆ ತಯಾರಾಗಬೇಕಾದ ವಾರಗಳಲ್ಲೇ ನಮಗೆ ಒಂದು ಲೇನ್ ಸಿಗುವುದೂ ಕಷ್ಟವಾಗುತ್ತಿತ್ತು.

ಕೊಳ ಇಪ್ಪತ್ತೈದು ಮೀಟರಿನದು. ಲೇನ್ ಹಗ್ಗಗಳು ಎರಡು, ಜಿಗಿಯುವ ಕಟ್ಟೆಗಳು ಇಲ್ಲ. ಬ್ಯಾಕ್‌ಸ್ಟ್ರೋಕ್ ಈಜುವವನಿಗೆ ಗೋಡೆ ಕಾಣಿಸುವುದಿಲ್ಲವಾದ್ದರಿಂದ ಗೋಡೆಯಿಂದ ಐದು ಮೀಟರ್ ಮೊದಲು ತಲೆಯ ಮೇಲೆ ಅಡ್ಡಲಾಗಿ ಬಾವುಟಗಳ ಸಾಲು ಕಟ್ಟಿರಬೇಕೆಂಬುದು ನಿಯಮ. ಬಾವುಟ ದಾಟಿದ ಮೇಲೆ ಎಷ್ಟು ಸಲ ಕೈ ಬೀಸಿದರೆ ಗೋಡೆ ಎಂದು ಎಣಿಸಿಕೊಂಡಿರಬೇಕು. ನಮ್ಮಲ್ಲಿ ಬಾವುಟ ಇರಲಿಲ್ಲ. ತಲೆ ಎರಡು ಸಲ ಗೋಡೆಗೆ ಬಡಿದು ಬುಗುಟೆ ಎದ್ದ ಮೇಲೆ, ಮೇಷ್ಟ್ರು ಮನೆಯಿಂದ ಯುಗಾದಿಗೆ ಕಟ್ಟಿದ್ದ ಪ್ಲಾಸ್ಟಿಕ್ ಮಾವಿನ ತೋರಣವನ್ನು ತಂದು ಎರಡು ಕಂಬಗಳಿಗೆ ಕಟ್ಟಿದರು. ಅದು ಜೋತುಬಿದ್ದು ಐದು ಮೀಟರಿಗೆ ಬದಲು ಕೆಲವು ದಿನ ನಾಲ್ಕೂವರೆಗೆ, ಕೆಲವು ದಿನ ಐದೂವರೆಗೆ ಬರುತ್ತಿತ್ತು. ಇದನ್ನು ಈಗ ನಗುತ್ತಾ ಹೇಳುತ್ತೇನೆ, ಆದರೆ ಗೋಡೆ ಎಲ್ಲಿದೆ ಎಂಬ ನಂಬಿಕೆ ನನಗೆ ಬ್ಯಾಕ್‌ಸ್ಟ್ರೋಕ್‌ನಲ್ಲಿ ಎಂದೂ ಹುಟ್ಟಲಿಲ್ಲ. ಅದರ ಬೆಲೆಯನ್ನು ಮುಂದೆ ತೆತ್ತೆ.

ಶಾಲಾ ಕ್ರೀಡಾಕೂಟಗಳಲ್ಲಿ ಜಿಲ್ಲಾಮಟ್ಟವನ್ನು ದಾಟುವುದು ನನಗೆ ಕಷ್ಟವಾಗಲಿಲ್ಲ. ಕೆಲವು ವರ್ಷ ನನ್ನ ಸ್ಪರ್ಧೆಯಲ್ಲಿ ಮೂವರೇ ಇರುತ್ತಿದ್ದೆವು. ಅಡ್ಡಿ ಮುಂದಿನ ಮೆಟ್ಟಿಲಿನಲ್ಲಿತ್ತು. 1997ರಲ್ಲಿ ಚಿತ್ರದುರ್ಗದಿಂದ ಬೇರ್ಪಟ್ಟು ದಾವಣಗೆರೆ ಹೊಸ ಜಿಲ್ಲೆಯಾದರೂ ಎರಡೂ ಇರುವುದು ಬೆಂಗಳೂರು ವಿಭಾಗದಲ್ಲಿ. ಹಾಗಾಗಿ ವಿಭಾಗಮಟ್ಟದಲ್ಲಿ ನಮಗೆ ಎದುರಾಗುತ್ತಿದ್ದವರು, ವರ್ಷವಿಡೀ ಐವತ್ತು ಮೀಟರಿನ ಕೊಳಗಳಲ್ಲಿ ದಿನಕ್ಕೆರಡು ಹೊತ್ತು ಅಭ್ಯಾಸ ಮಾಡುವ ಬೆಂಗಳೂರಿನ ಕ್ಲಬ್ಬುಗಳ ಮಕ್ಕಳು. ಬೆಂಗಳೂರಿನ ಈಜುಗಾರ್ತಿ ನಿಶಾ ಮಿಲೆಟ್ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಜಿ ಬಂದಿದ್ದರು. ಅವರ ಹಿಂದೆ ಒಂದು ತಲೆಮಾರೇ ತಯಾರಾಗುತ್ತಿದ್ದ ಕಾಲವದು. ದೇಶದ ಅತ್ಯುತ್ತಮ ಮಕ್ಕಳಲ್ಲಿ ಹಲವರು ನಮ್ಮ ವಿಭಾಗದಲ್ಲೇ ಇದ್ದಾರೆಂಬುದನ್ನು ಹೆಮ್ಮೆಯಿಂದ ಹೇಳಿಕೊಳ್ಳಬಹುದಿತ್ತು, ಅವರನ್ನು ಸೋಲಿಸಬೇಕಾದವರು ನಾವಾಗಿರದಿದ್ದರೆ.

2002ರಲ್ಲಿ ಮೊದಲ ಬಾರಿಗೆ ಬೆಂಗಳೂರಿನ ಐವತ್ತು ಮೀಟರಿನ ಕೊಳಕ್ಕೆ ಇಳಿದಾಗ ನನ್ನ ಲೆಕ್ಕ ಪೂರ್ತಿ ತಪ್ಪಿತ್ತು. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಗೋಡೆಯನ್ನು ಒದ್ದ ಮೇಲೆ ನೀರಿನಡಿಯಲ್ಲೇ ಒಂದು ಸಲ ಕೈಗಳನ್ನು ತೊಡೆಯವರೆಗೆ ಎಳೆದು, ಜಾರಿ, ಒಂದು ಒದೆತದಿಂದ ಮೇಲೆ ಬರಲು ಅವಕಾಶವಿದೆ. ಆ ಒಂದು ಎಳೆತದಲ್ಲಿ ನಾನು ಆರೇಳು ಮೀಟರ್ ಹೋಗುತ್ತಿದ್ದೆ. ಇನ್ನೂರು ಮೀಟರಿಗೆ ಊರಿನ ಕೊಳದಲ್ಲಿ ಏಳು ತಿರುವುಗಳು ಸಿಗುತ್ತವೆ, ದೊಡ್ಡ ಕೊಳದಲ್ಲಿ ಮೂರೇ. ನನ್ನ ವೇಗದಲ್ಲಿ ಎಷ್ಟು ಪಾಲು ನನ್ನದು, ಎಷ್ಟು ಗೋಡೆಯದು ಎಂಬುದು ಅಂದು ಗೊತ್ತಾಯಿತು. ಮೂವತ್ತು ಮೀಟರ್ ದಾಟಿದರೂ ಗೋಡೆ ಬಾರದಿದ್ದಾಗ ಬಾವಿಯಲ್ಲಿ ಕೈಬಿಟ್ಟ ಮೊದಲ ದಿನದ ಭಯವೇ ಮರಳಿ ಬಂದಂತಾಯಿತು. ಊರಿನ ಗಡಿಯಾರಕ್ಕಿಂತ ಒಂಬತ್ತು ಸೆಕೆಂಡು ನಿಧಾನವಾಗಿ ಮುಗಿಸಿದೆ. ಅಪ್ಪ ಒಂಬತ್ತನ್ನೂ ಖರ್ಚಿಗೆ ಬರೆದು, ಪಕ್ಕದಲ್ಲಿ ‘ಕೊಳದ ವ್ಯತ್ಯಾಸ’ ಎಂದು ಷರಾ ಹಾಕಿದರು.

ಮೇಷ್ಟ್ರು ನನ್ನನ್ನು ಮೆಡ್ಲೆಗೆ ತಿರುಗಿಸಿದ್ದು ಇದರ ನಂತರ. ಬ್ರೆಸ್ಟ್‌ಸ್ಟ್ರೋಕ್ ಒಂದನ್ನೇ ಈಜಿದರೆ ಬೆಂಗಳೂರಿನ ಬ್ರೆಸ್ಟ್‌ಸ್ಟ್ರೋಕ್ ಪರಿಣತರ ಮುಂದೆ ನಾನು ಐದನೆಯವನೋ ಆರನೆಯವನೋ ಆಗುತ್ತೇನೆ. ಆದರೆ ಮೆಡ್ಲೆಗೆ ಬರುವವರಲ್ಲಿ ಹೆಚ್ಚಿನವರು ಬಟರ್‌ಫ್ಲೈ ಅಥವಾ ಬ್ಯಾಕ್‌ಸ್ಟ್ರೋಕ್‌ನಿಂದ ಬಂದವರು, ಅವರಿಗೆ ಮೂರನೆಯ ನೂರು ಶಿಕ್ಷೆ. ಅಲ್ಲಿ ನನಗೆ ಜಾಗವಿದೆ ಎಂಬುದು ಮೇಷ್ಟ್ರ ಲೆಕ್ಕಾಚಾರ. ಇದು ಸರಿಯಾದ ಲೆಕ್ಕವೆಂದೇ ಈಗಲೂ ನಂಬುತ್ತೇನೆ. ಆ ವರ್ಷಗಳಲ್ಲಿ ರಾಜ್ಯದಲ್ಲಿ ಮೆಡ್ಲೆ ಎಂದರೆ ರೆಹಾನ್ ಪೂಂಚಾ ಅವರ ಹೆಸರು; ಅವರೂ ಬಟರ್‌ಫ್ಲೈಯವರೇ, 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಈಜಿದ್ದು ಇನ್ನೂರು ಮೀಟರ್ ಬಟರ್‌ಫ್ಲೈ. ಅವರ ಮಟ್ಟ ನನಗೆ ಕನಸಿನಲ್ಲೂ ಇರಲಿಲ್ಲವಾದರೂ, ನನ್ನ ವಯಸ್ಸಿನವರಲ್ಲಿ ಅದೇ ಮಾದರಿ ಕಾಣುತ್ತಿತ್ತು.

ತೊಂದರೆಯೆಂದರೆ, ದಣಿಯದೆ ಈಜುವ ಬ್ರೆಸ್ಟ್‌ಸ್ಟ್ರೋಕ್ ಬೇರೆ, ಬಟರ್‌ಫ್ಲೈ ಮತ್ತು ಬ್ಯಾಕ್‌ಸ್ಟ್ರೋಕ್‌ಗಳ ಇನ್ನೂರು ಮೀಟರ್ ಮುಗಿಸಿ ಈಜುವ ಬ್ರೆಸ್ಟ್‌ಸ್ಟ್ರೋಕ್ ಬೇರೆ. ಬಟರ್‌ಫ್ಲೈ ಭುಜವನ್ನು ತಿನ್ನುತ್ತದೆ. ಬ್ಯಾಕ್‌ಸ್ಟ್ರೋಕ್‌ನಲ್ಲಿ ಜೋರಾಗಿ ಕಾಲು ಬಡಿದರೆ ತೊಡೆ ಕಲ್ಲಾಗುತ್ತದೆ, ಆ ತೊಡೆಯೇ ಮುಂದಿನ ನೂರಕ್ಕೆ ಬಂಡವಾಳ. ಆದ್ದರಿಂದ ಬ್ಯಾಕ್‌ಸ್ಟ್ರೋಕ್‌ನ ಎರಡನೆಯ ಐವತ್ತರಲ್ಲಿ ಕಾಲನ್ನು ಬೇಕೆಂದೇ ಸಡಿಲ ಬಿಟ್ಟು ಕೈಯಿಂದಲೇ ಸಾಗಬೇಕು, ಪಕ್ಕದ ಲೇನಿನವನು ದೂರ ಹೋಗುತ್ತಿರುವುದನ್ನು ಕಂಡೂ ಸುಮ್ಮನಿರಬೇಕು. ಹದಿನೈದು ವರ್ಷದ ಹುಡುಗನಿಗೆ ಇದಕ್ಕಿಂತ ಕಷ್ಟದ ಪಾಠ ಇನ್ನೊಂದಿಲ್ಲ. ಮೇಷ್ಟ್ರು ದಂಡೆಯಗುಂಟ ನಡೆಯುತ್ತಾ, “ಅವಸರ ಮಾಡಬ್ಯಾಡಲೇ ತಮ್ಮ, ನಿನ್ನ ಮನಿ ಇನ್ನೂ ಬಂದಿಲ್ಲ” ಎನ್ನುತ್ತಿದ್ದರು. ಕಿವಿ ನೀರಿನೊಳಗಿದ್ದುದರಿಂದ ಪೂರ್ತಿ ಕೇಳುತ್ತಿರಲಿಲ್ಲ; ‘ಮನಿ’ ಎಂಬುದೊಂದು ಕೇಳುತ್ತಿತ್ತು.

2005ರಲ್ಲಿ ನಿಯಮವೇ ಬದಲಾಯಿತು. ಅದುವರೆಗೆ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಡಾಲ್ಫಿನ್ ಒದೆತ, ಅಂದರೆ ಎರಡೂ ಕಾಲು ಜೋಡಿಸಿ ಮೀನಿನಂತೆ ಮೇಲೆ ಕೆಳಗೆ ಬಡಿಯುವುದು, ಪೂರ್ತಿ ನಿಷಿದ್ಧವಾಗಿತ್ತು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಕೊಸುಕೆ ಕಿಟಾಜಿಮಾ ನೂರು ಮೀಟರ್ ಗೆದ್ದಾಗ, ನೀರಿನಡಿಯಲ್ಲಿ ಅವರು ಅಂಥ ಒಂದು ಒದೆತ ಕೊಟ್ಟರೆಂದು ಅಮೆರಿಕದವರು ಆಕ್ಷೇಪ ಎತ್ತಿದ್ದರು, ಪದಕವೇನೋ ಉಳಿಯಿತು. ಮರುವರ್ಷ ಅಂತರರಾಷ್ಟ್ರೀಯ ಈಜು ಸಂಸ್ಥೆ, ಆಗಿನ ಹೆಸರಿನಲ್ಲಿ ಫೀನಾ, ಆರಂಭದ ಮತ್ತು ಪ್ರತಿ ತಿರುವಿನ ನಂತರದ ನೀರಡಿಯ ಎಳೆತದ ಜೊತೆ ಒಂದು ಡಾಲ್ಫಿನ್ ಒದೆತಕ್ಕೆ ಅನುಮತಿ ಕೊಟ್ಟಿತು. ಈ ಸುದ್ದಿ ಬೆಂಗಳೂರಿನಿಂದ ಮೇಷ್ಟ್ರ ಗೆಳೆಯರೊಬ್ಬರ ಫೋನಿನ ಮೂಲಕ ನಮಗೆ ಬಂತು. ವರ್ಷಗಟ್ಟಲೆ ‘ಕಾಲು ಅಲ್ಲಾಡಿಸಿದರೆ ಕಥೆ ಮುಗೀತು’ ಎಂದು ಬೈಸಿಕೊಂಡಿದ್ದ ನಾನು ಈಗ ಅಲ್ಲಾಡಿಸುವುದನ್ನೇ ಕಲಿಯಬೇಕಾಯಿತು. ಬಾವಿಯ ಕಾಲಿಗೆ ಅದು ಒಗ್ಗಲಿಲ್ಲ. ಬಟರ್‌ಫ್ಲೈ ಚೆನ್ನಾಗಿ ಬರುವವರಿಗೆ ಮಾತ್ರ ಆ ಒಂದು ಒದೆತ ಹಬ್ಬದೂಟವಾಯಿತು. ಮೂರನೆಯ ನೂರರಲ್ಲಿ ನನಗಿದ್ದ ಅಂತರದಲ್ಲಿ ಅರ್ಧ ಸೆಕೆಂಡಾದರೂ ಆ ವರ್ಷವೇ ಕರಗಿತೆಂದು ನನ್ನ ಅಂದಾಜು.

ಇನ್ನು 2006ರ ರಾಜ್ಯಮಟ್ಟದ ಸ್ಪರ್ಧೆ. ನಾಲ್ಕು ನೂರು ಮೀಟರ್ ಮೆಡ್ಲೆಯಲ್ಲಿ ಮೂರನೆಯ ಸ್ಥಾನಕ್ಕೆ ನಾನು ಮತ್ತು ಇನ್ನೊಬ್ಬ ಹುಡುಗ ಹೋರಾಡುತ್ತಿದ್ದೆವು. ಬಟರ್‌ಫ್ಲೈಯಲ್ಲಿ ಎರಡು ಸೆಕೆಂಡು, ಬ್ಯಾಕ್‌ಸ್ಟ್ರೋಕ್‌ನಲ್ಲಿ ಮೂರು ಸೆಕೆಂಡು ಅವನಿಗೆ ಬಿಟ್ಟುಕೊಟ್ಟಿದ್ದೆ. ಎಲ್ಲವೂ ಅಂದುಕೊಂಡಂತೆಯೇ. ಬ್ಯಾಕ್‌ಸ್ಟ್ರೋಕ್‌ನ ಕೊನೆಯ ಗೋಡೆ ಹತ್ತಿರ ಬಂತು, ಬಾವುಟಗಳು ತಲೆಯ ಮೇಲೆ ಹಾದುಹೋದವು, ನನ್ನ ಎಣಿಕೆಯ ಪ್ರಕಾರ ಇನ್ನೊಂದು ಕೈ ಬೀಸಬೇಕಿತ್ತು. ಮುಂದೆ ಇರುವುದು ನನ್ನ ಶೈಲಿ ಎಂಬ ಆತುರವೋ, ಗೋಡೆಯ ಬಗ್ಗೆ ಮೊದಲಿನಿಂದಲೂ ಇದ್ದ ಅಪನಂಬಿಕೆಯೋ, ಕೈ ಗೋಡೆಗೆ ತಾಗುವ ಮೊದಲೇ ಭುಜ ಮಗುಚಿ ನಾನು ಹೊಟ್ಟೆಯ ಕಡೆಗೆ ತಿರುಗಿದೆ. ಮೆಡ್ಲೆಯಲ್ಲಿ ಪ್ರತಿ ಶೈಲಿಯನ್ನೂ ಆ ಶೈಲಿಯ ನಿಯಮದಂತೆಯೇ ಮುಗಿಸಬೇಕು. ಬ್ಯಾಕ್‌ಸ್ಟ್ರೋಕ್‌ನವನು ಬೆನ್ನ ಮೇಲಿದ್ದುಕೊಂಡೇ ಗೋಡೆಯನ್ನು ಮುಟ್ಟಬೇಕು. ತಿರುವು ನೋಡುವ ನಿರ್ಣಾಯಕರು ಕೈ ಎತ್ತಿದ್ದು ನನಗೆ ಕಾಣಲಿಲ್ಲ. ನಾನಾಗಲೇ ನೀರಿನಡಿಯಲ್ಲಿದ್ದೆ.

ಆ ನೂರು ಮೀಟರನ್ನು ಅಷ್ಟು ಚೆನ್ನಾಗಿ ಎಂದೂ ಈಜಿರಲಿಲ್ಲ. ಪ್ರತಿ ಒದೆತಕ್ಕೂ ಅವನ ತಲೆ ಒಂದು ಗೇಣು ಹಿಂದಕ್ಕೆ ಬಂದಂತೆ ತೋರುತ್ತಿತ್ತು. 1 ನಿಮಿಷ 24 ಸೆಕೆಂಡಿನಲ್ಲಿ ಮುಗಿಸಿದೆ. ಅವನಿಗೆ 1 ನಿಮಿಷ 29 ಬೇಕಾಯಿತು. ಮುನ್ನೂರಕ್ಕೆ ಇಬ್ಬರೂ ಸಮ. ಫ್ರೀಸ್ಟೈಲ್‌ನಲ್ಲಿ ಪಕ್ಕಪಕ್ಕದಲ್ಲೇ ಬಂದು ಕೊನೆಗೆ ಅರ್ಧ ಸೆಕೆಂಡು ಮೊದಲು ನಾನು ಗೋಡೆ ಮುಟ್ಟಿದೆ. ಅಪ್ಪ ಗ್ಯಾಲರಿಯಲ್ಲಿ ಎದ್ದು ನಿಂತಿದ್ದರು. ಹತ್ತು ನಿಮಿಷದ ನಂತರ ಧ್ವನಿವರ್ಧಕದಲ್ಲಿ ನನ್ನ ಲೇನಿನ ಸಂಖ್ಯೆಯನ್ನೂ ‘ಅನರ್ಹ’ ಎಂಬ ಪದವನ್ನೂ ಒಟ್ಟಿಗೆ ಕೇಳಿದೆ. ಮೇಷ್ಟ್ರು ಹೋಗಿ ವಿಚಾರಿಸಿದರು, ನಿರ್ಣಾಯಕರು ಚೀಟಿ ತೋರಿಸಿದರು, ಮೇಷ್ಟ್ರು ಸುಮ್ಮನೆ ಹಿಂದಿರುಗಿದರು. ಅನ್ಯಾಯವಾಯಿತೆಂದು ಕೂಗಾಡಲು ಅಲ್ಲಿ ಏನೂ ಇರಲಿಲ್ಲ. ತಪ್ಪು ನನ್ನದೇ ಎಂಬುದು ಗೋಡೆ ಮುಟ್ಟಿದ ಕ್ಷಣದಲ್ಲೇ ಭುಜಕ್ಕೆ ಗೊತ್ತಿತ್ತು. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನಿಂದ ದಾವಣಗೆರೆಯವರೆಗಿನ ಇನ್ನೂರ ಅರವತ್ತು ಕಿಲೋಮೀಟರ್ ದಾರಿಯ ಬಹುಪಾಲು ಯಾರೂ ಮಾತಾಡಲಿಲ್ಲ. ಚಿತ್ರದುರ್ಗ ದಾಟಿದ ಮೇಲೆ ಅಪ್ಪ, “ಐದು ಸೆಕೆಂಡು ಜಮಾ ಬಂದಿತ್ತಲ್ಲಪ” ಎಂದರು. ಕಿರ್ದಿಯಲ್ಲಿ ಆ ಸಾಲನ್ನು ಪೂರ್ತಿ ಬರೆದು, ಮೇಲೆ ಒಂದು ಓರೆ ಗೆರೆ ಎಳೆದು, ರದ್ದಾದ ಬಿಲ್ಲಿಗೆ ಬರೆಯುವಂತೆ ‘ರದ್ದು’ ಎಂದು ಬರೆದಿದ್ದಾರೆ.

ಮುಂದಿನ ಒಂದು ವರ್ಷ ಪ್ರತಿ ದಿನ ಬೆಳಿಗ್ಗೆ ಮೂವತ್ತು ಸಲ ಆ ಒಂದು ತಿರುವನ್ನು ಮಾತ್ರ ಮಾಡಿದೆ. ಬಾವುಟದಿಂದ ಗೋಡೆಗೆ, ಬೆನ್ನ ಮೇಲೆ, ಅಂಗೈ ತಾಗುವವರೆಗೆ ಮುಖ ಆಕಾಶಕ್ಕೆ. ಹೊಸ ನೈಲಾನ್ ಹಗ್ಗವನ್ನು ಅಪ್ಪನೇ ಕೊಂಡು ತಂದು, ಟೇಪು ಹಿಡಿದು ಅಳೆದು, ಸರಿಯಾಗಿ ಐದು ಮೀಟರಿಗೆ ಬಿಗಿದು ಕಟ್ಟಿದರು.

ಮಂಡಿ ಕೈಕೊಟ್ಟದ್ದು 2007ರ ಮಳೆಗಾಲದಲ್ಲಿ. ಬ್ರೆಸ್ಟ್‌ಸ್ಟ್ರೋಕ್ ಒದೆತದಲ್ಲಿ ಮೊಣಕಾಲಿನ ಕೆಳಭಾಗ ಹೊರಕ್ಕೆ ತಿರುಗಿ ಬೀಸುವುದರಿಂದ ಮಂಡಿಯ ಒಳಬದಿಯ ಅಸ್ಥಿರಜ್ಜು ಪ್ರತಿ ಸಲವೂ ಎಳೆಯಲ್ಪಡುತ್ತದೆ. ದಿನಕ್ಕೆ ಸಾವಿರಾರು ಒದೆತಗಳಾದರೆ ಅದು ಬಾವು ಬರುವುದು ಸಹಜ, ಈ ಶೈಲಿಯವರಲ್ಲಿ ತೀರಾ ಸಾಮಾನ್ಯವಾದ ನೋವು ಇದು. ಅದರ ಮೇಲೆ, ಕಾಲಿಗೆ ಬಲ ಬರಲೆಂದು ಗರಡಿಯ ಹಿರಿಯರೊಬ್ಬರ ಮಾತು ಕೇಳಿ ನಾನು ದಿನಾ ಇನ್ನೂರು ಬಸ್ಕಿಯನ್ನೂ ಹೊಡೆಯುತ್ತಿದ್ದೆ. ಕುಸ್ತಿಯವನಿಗೆ ಅದು ವರ. ಆಗಲೇ ಸೋತಿದ್ದ ನನ್ನ ಮಂಡಿಗೆ ಹೊರೆಯಾಯಿತು. ಮೊದಲು ನೋಡಿದ ವೈದ್ಯರು ನನ್ನ ಮಂಡಿಯನ್ನು ಒತ್ತಿ ನೋಡಿ, ಓಟ ಬಿಟ್ಟು ಸ್ವಲ್ಪ ದಿನ ಈಜು ಮಾಡಿ, ಮಂಡಿಗೆ ಒಳ್ಳೆಯದು ಎಂದರು. ನಾನು ಮತ್ತು ಅಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಎರಡು ತಿಂಗಳು ಕಾಲಿನ ನಡುವೆ ತೇಲುವ ಬೆಂಡು ಸಿಕ್ಕಿಸಿಕೊಂಡು ಕೈಯಲ್ಲೇ ಈಜಿದೆ. ಆಮೇಲೆ ಮಂಡಿಗಳನ್ನು ಮೊದಲಿನಷ್ಟು ಅಗಲಿಸದೆ ಕಿರಿದಾಗಿ ಒದೆಯುವುದನ್ನು ರೂಢಿ ಮಾಡಿಕೊಂಡೆ. ಬಾವಿಯ ಒದೆತ ಅಲ್ಲಿಗೆ ಮುಗಿಯಿತು. ಅಚ್ಚರಿಯೆಂದರೆ ಹೊಸ ಒದೆತ ನೀರಿಗೆ ಕಡಿಮೆ ಅಡ್ಡಬರುತ್ತಿತ್ತು. ನೋವು ಬಾರದಿದ್ದರೆ ನಾನಾಗಿ ಅದನ್ನು ಎಂದೂ ಬದಲಿಸುತ್ತಿರಲಿಲ್ಲ.

ಕಾಲೇಜಿಗೆ ಸೇರಿದಾಗ ದಾವಣಗೆರೆಯ ಕಾಲೇಜುಗಳು ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. ಊರಿಗೆ ತನ್ನದೇ ವಿಶ್ವವಿದ್ಯಾಲಯ ಬಂದದ್ದು 2009ರಲ್ಲಿ. ವಿಶ್ವವಿದ್ಯಾಲಯದ ತಂಡದಲ್ಲಿ ಮೆಡ್ಲೆಗೆ ನನ್ನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲವಾದ್ದರಿಂದ ಆಯ್ಕೆಯ ಬಗ್ಗೆ ಹೇಳುವುದೇನೂ ಇಲ್ಲ. 2008ರ ಆಗಸ್ಟ್ 10ರ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಬೀಜಿಂಗ್‌ನ ನಾಲ್ಕು ನೂರು ಮೀಟರ್ ಮೆಡ್ಲೆ ಫೈನಲ್ ನೋಡಿದೆವು. ಮೈಕಲ್ ಫೆಲ್ಪ್ಸ್ 4 ನಿಮಿಷ 3.84 ಸೆಕೆಂಡಿನಲ್ಲಿ ವಿಶ್ವದಾಖಲೆ ಮಾಡಿದರು. ನಾನು ನೋಡುತ್ತಿದ್ದುದು ಅವರ ಮೂರನೆಯ ನೂರನ್ನು. ಅದು ಅವರ ನಾಲ್ಕು ಶೈಲಿಗಳಲ್ಲಿ ದುರ್ಬಲವಾದದ್ದೆಂದು ಹೆಸರಾಗಿತ್ತು. ದುರ್ಬಲವಾದದ್ದನ್ನೇ ಆ ಮಟ್ಟಕ್ಕೆ ತಂದಿದ್ದರು. ಆ ದಾಖಲೆ ಮುರಿಯಲು 2023ರವರೆಗೆ ಕಾಯಬೇಕಾಯಿತು: ಫುಕುವೋಕಾದಲ್ಲಿ ಫ್ರಾನ್ಸಿನ ಲಿಯೋನ್ ಮಾರ್ಶಾನ್ 4 ನಿಮಿಷ 2.50 ಸೆಕೆಂಡಿನಲ್ಲಿ ಈಜಿದರು, ಇಬ್ಬರಿಗೂ ತರಬೇತುದಾರರು ಬಾಬ್ ಬೌಮನ್. ಮಾರ್ಶಾನ್ ಮರುವರ್ಷ ಪ್ಯಾರಿಸ್‌ನಲ್ಲಿ ಇನ್ನೂರು ಮೀಟರ್ ಬಟರ್‌ಫ್ಲೈಯನ್ನೂ ಬ್ರೆಸ್ಟ್‌ಸ್ಟ್ರೋಕನ್ನೂ ಒಂದೇ ಸಂಜೆ ಗೆದ್ದದ್ದನ್ನು ನೋಡಿ, ಮೂರನ್ನು ಖರ್ಚಿಗೂ ಒಂದನ್ನು ಜಮಾಕ್ಕೂ ಬರೆಯುವ ನಮ್ಮ ಮನೆಯ ಪದ್ಧತಿ ಆತನಿಗೆ ಅರ್ಥವೇ ಆಗಲಾರದು ಎನ್ನಿಸಿತು.

ನನ್ನ ಕೊನೆಯ ಸ್ಪರ್ಧೆ ಅದೇ 2008ರ ಕೊನೆಯಲ್ಲಿ, ಹೊರರಾಜ್ಯದಲ್ಲಿ ನಡೆದ ಅಂತರ ವಿಶ್ವವಿದ್ಯಾಲಯ ಕೂಟ. ಕೊನೆಯದೆಂದು ಆಗ ನಿರ್ಧರಿಸಿರಲಿಲ್ಲ. ಮುಂದಿನ ವರ್ಷ ಪರೀಕ್ಷೆ ಮತ್ತು ಬ್ಯಾಂಕ್ ನೇಮಕಾತಿಯ ತಯಾರಿಯಲ್ಲಿ ಬೆಳಗಿನ ಐದು ಗಂಟೆ ಪುಸ್ತಕಕ್ಕೆ ಹೋಯಿತು, ಅಷ್ಟೇ. ಹೀಟ್ಸ್‌ನಲ್ಲಿ, ಅಂದರೆ ಫೈನಲ್‌ಗೆ ಮೊದಲಿನ ಆಯ್ಕೆ ಸುತ್ತಿನಲ್ಲಿ, ಬಟರ್‌ಫ್ಲೈ 1 ನಿಮಿಷ 10, ಬ್ಯಾಕ್‌ಸ್ಟ್ರೋಕ್ 1 ನಿಮಿಷ 20. ಕೊನೆಯ ಗೋಡೆಗೆ ಬೆನ್ನ ಮೇಲೇ ಬಂದೆ. ಕೈ ತಾಗಿತು, ಆಮೇಲೆ ತಿರುಗಿದೆ. ಮೂರನೆಯ ನೂರು 1 ನಿಮಿಷ 22, ಆ ಹೀಟ್‌ನ ಎಂಟು ಜನರಲ್ಲಿ ಅದೇ ಅತಿ ವೇಗದ್ದು. ಏಳನೆಯವನಾಗಿದ್ದವನು ನಾಲ್ಕನೆಯವನಾಗಿ ಫ್ರೀಸ್ಟೈಲ್‌ಗೆ ಹೊರಟು ಐದನೆಯವನಾಗಿ ಮುಗಿಸಿದೆ. ಒಟ್ಟು 5 ನಿಮಿಷ 4.2 ಸೆಕೆಂಡು, ನನ್ನ ಜೀವಮಾನದ ಅತ್ಯುತ್ತಮ ಕಾಲ. ಎಲ್ಲ ಹೀಟ್ಸ್ ಸೇರಿ ಹನ್ನೊಂದನೆಯ ಸ್ಥಾನ. ಫೈನಲ್‌ಗೆ ಎಂಟು ಜನ.

ಅಂದು ಸಂಜೆ ಫೋನಿನಲ್ಲಿ ನಾಲ್ಕೂ ಅಂಕಿಗಳನ್ನು ಹೇಳಿದೆ. ಅಪ್ಪ ಬರೆದುಕೊಂಡು, ಆ ಕಡೆಯಿಂದಲೇ ಕಳೆದು ನೋಡಿ, ಫೆಲ್ಪ್ಸ್‌ಗಿಂತ ಒಂದು ನಿಮಿಷ ಹೆಚ್ಚಾಯಿತು ಎಂದರು. ವ್ಯಂಗ್ಯವಲ್ಲ, ಲೆಕ್ಕ ಹೇಳಿದರು. ಆ ಪುಟದ ಕೆಳಗೆ, ಗುಮಾಸ್ತರ ರೂಢಿಯಂತೆ, ‘ಮುಂದಿನ ಪುಟಕ್ಕೆ’ ಎಂದು ಬರೆದಿದ್ದಾರೆ. ಮುಂದಿನ ಪುಟದಲ್ಲಿ 2009ರ ಜನವರಿಯ ಹಾಲಿನ ಲೆಕ್ಕವಿದೆ.